ಅಕ್ಷರ ತಪ್ಪಿದ ತಟ್ಟೆ ನಕಲಿಯಾ?

ಪ್ರಶ್ನೆ: ನಮ್ಮದು ಭಟ್ಕಳ. ಮನೆಯಲ್ಲಿ ಅಜ್ಜಿಯ ಕಾಲದ ಒಂದು ದೊಡ್ಡ ಪಿಂಗಾಣಿ ತಟ್ಟೆ ಇದೆ. ಬಿಳಿ ತಟ್ಟೆ, ನೀಲಿ ಬರಹ. ಅಂಚಿನ ಸುತ್ತ ಅರಬಿ ಅಕ್ಷರ, ನಡುವೆ ಒಂಬತ್ತು ಮನೆಯ ಚೌಕ, ಅದರೊಳಗೆ ಅಂಕಿಗಳು. ಮುತ್ತಜ್ಜ ಸಿಂಗಪುರದಲ್ಲಿ ಅಂಗಡಿ ಇಟ್ಟಿದ್ದರಂತೆ. ಆದರೂ ಮನೆಯಲ್ಲಿ ಎಲ್ಲರೂ ಇದನ್ನು 'ಮಕ್ಕಾ ತಟ್ಟೆ' ಅಂತಲೇ ಕರೆಯುತ್ತಾರೆ. ಹೆರಿಗೆ ನೋವು ಬಂದವರಿಗೆ ಅಜ್ಜಿ ಇದರಲ್ಲಿ ನೀರು ಹಾಕಿ ಕುಡಿಸುತ್ತಿದ್ದರು. ಮೊನ್ನೆ ತೊಳೆಯುವಾಗ ತಿರುಗಿಸಿ ನೋಡಿದರೆ ಹಿಂದೆ ಮಸುಕಾಗಿ ಒಂದು ಕಿರೀಟದ ಗುರುತು, ಕೆಳಗೆ ಇಂಗ್ಲಿಷಿನಲ್ಲಿ 'ಸ್ಟೋನ್ ಚೈನಾ' ಅಂತ ಇದೆ! ನಮ್ಮ ಮೌಲ್ವಿ ಸಾಹೇಬರಿಗೆ ತೋರಿಸಿದೆ. ಅವರು ಓದಿ, ಅಕ್ಷರಗಳು ತುಂಬ ಕಡೆ ತಪ್ಪಿವೆ ಅಂದರು. ಹಾಗಾದರೆ ಇದು ನಕಲಿಯಾ? ಇಂಗ್ಲಿಷರು ಕುರಾನಿನ ಆಯತ್ (ವಚನ) ಬರೆದ ತಟ್ಟೆ ಯಾಕೆ ಮಾಡಿದರು? ಇದರಲ್ಲಿ ಈಗಲೂ ನೀರು ಕುಡಿಯಬಹುದಾ? ತಮ್ಮ ದುಬೈಗೆ ತಗೊಂಡು ಹೋಗ್ತೀನಿ ಅಂತಿದ್ದಾನೆ, ಕೊಡಬಹುದಾ?

ಉತ್ತರ: ನಕಲಿ ಅಲ್ಲ, ಸಮಾಧಾನ ಮಾಡಿಕೊಳ್ಳಿ. ಅಕ್ಷರವೆಲ್ಲ ಮುತ್ತಿನ ಹಾಗೆ ಸರಿಯಾಗಿದ್ದಿದ್ದರೆ ನನಗೇ ಅನುಮಾನ ಬರುತ್ತಿತ್ತು. ಮೌಲ್ವಿ ಸಾಹೇಬರು ಹೇಳಿದ್ದೂ ನಿಜ, ತಪ್ಪುಗಳಿವೆ. ಆ ತಪ್ಪುಗಳೇ ಈ ತಟ್ಟೆಯ ಜಾತಕ. ಯಾರು ಮಾಡಿದರು, ಹೇಗೆ ಮಾಡಿದರು ಅನ್ನುವುದನ್ನು ಹಿಂದಿನ ಕಿರೀಟಕ್ಕಿಂತ ಅವು ಚೆನ್ನಾಗಿ ಹೇಳುತ್ತವೆ.

ಮೊದಲು ಊರಿನ ವಿಷಯ. ನಿಮ್ಮ ತಟ್ಟೆ ಮಕ್ಕಾದ್ದಲ್ಲ. ಇಂಗ್ಲೆಂಡಿನ ನಡುಭಾಗದಲ್ಲಿ ಸ್ಟಾಫರ್ಡ್‌ಶೈರ್ ಅಂತ ಜಿಲ್ಲೆ ಇದೆ. ಅಲ್ಲಿ ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಅಂತ ಸಾಲಾಗಿ ಆರು ಊರು. ಆರೂ ಕುಂಬಾರರ ಊರುಗಳೇ. 19ನೇ ಶತಮಾನದಲ್ಲಿ ಅಲ್ಲಿ ಎಲ್ಲಿ ನೋಡಿದರೂ ದೊಡ್ಡ ಸೀಸೆಯ ಆಕಾರದ ಇಟ್ಟಿಗೆ ಆವಿಗೆಗಳು, ಕಲ್ಲಿದ್ದಲ ಹೊಗೆ. ಬಿಳಿ ಜೇಡಿಮಣ್ಣು ದೂರದ ಕಾರ್ನ್‌ವಾಲ್‌ನಿಂದ ಹಡಗಿನಲ್ಲಿ ಬರುತ್ತಿತ್ತು. 1777ರಲ್ಲಿ ಟ್ರೆಂಟ್-ಮರ್ಸಿ ಕಾಲುವೆ ಪೂರ್ತಿಯಾದ ಮೇಲೆ, ಕುದುರೆಗಾಡಿಯಲ್ಲಿ ಕುಲುಕಿ ಒಡೆಯುತ್ತಿದ್ದ ಸಾಮಾನು ದೋಣಿಯಲ್ಲಿ ಮೆಲ್ಲಗೆ ಲಿವರ್‌ಪೂಲ್ ಬಂದರಿಗೆ ಹೋಗತೊಡಗಿತು. ಅಲ್ಲಿಂದ ಮುಂದೆ ಜಗತ್ತೆಲ್ಲ. 'ಸ್ಟೋನ್ ಚೈನಾ' ಅಂದರೆ ಊರಿನ ಹೆಸರೂ ಅಲ್ಲ, ಕಂಪನಿಯ ಹೆಸರೂ ಅಲ್ಲ. ಗಟ್ಟಿಯಾದ, ಭಾರವಾದ ಒಂದು ಬಗೆಯ ಮಣ್ಣಿನ ಪಾತ್ರೆಗೆ ಅಲ್ಲಿನವರು ಇಟ್ಟ ವ್ಯಾಪಾರದ ಹೆಸರು. ಚೀನಾದ ಪಿಂಗಾಣಿಯ ಹಾಗೆ ಕಾಣಲಿ, ಆದರೆ ಕಡಿಮೆ ದುಡ್ಡಿಗೆ ಸಿಗಲಿ ಅನ್ನುವುದು ಲೆಕ್ಕಾಚಾರ.

ಈಗ ಅಕ್ಷರ ಯಾಕೆ ತಪ್ಪಿತು ಅನ್ನುವುದಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಕತೆ ಇಲ್ಲೇ ಇದೆ.

ಆ ನೀಲಿ ಬರಹವನ್ನು ಯಾರೂ ಕುಂಚದಿಂದ ಬರೆದಿಲ್ಲ. ಅದು ಅಚ್ಚು. ನೀವು ಸಣ್ಣವರಿದ್ದಾಗ ಬಬಲ್ ಗಮ್ ಜೊತೆ ಬರುತ್ತಿದ್ದ ಟ್ಯಾಟೂ ಕಾಗದ ನೆನಪಿದೆಯಾ? ಕೈ ಒದ್ದೆ ಮಾಡಿ ಒತ್ತಿದರೆ ಚಿತ್ರ ಕೈಗೆ ಹತ್ತುತ್ತಿತ್ತು. ಇದೂ ಹೆಚ್ಚುಕಡಿಮೆ ಹಾಗೇ. ಮೊದಲು ಒಬ್ಬ ಕೆತ್ತನೆಗಾರ ತಾಮ್ರದ ತಗಡಿನ ಮೇಲೆ ಉಳಿಯಿಂದ ಗೆರೆ ಕೊರೆಯುತ್ತಾನೆ. ತಗಡನ್ನು ಬಿಸಿ ಮಾಡಿ, ಕುದಿಸಿದ ಎಣ್ಣೆಯಲ್ಲಿ ಕಲಸಿದ ಕೋಬಾಲ್ಟ್ ಅನ್ನುವ ನೀಲಿ ಬಣ್ಣವನ್ನು ಗೆರೆಗಳಿಗೆ ತುಂಬಿ, ಮೇಲಿನದನ್ನು ಒರೆಸುತ್ತಾರೆ. ಸೋಪಿನ ನೀರು ಸವರಿದ ತೆಳು ಕಾಗದ ಹಾಸಿ ಪ್ರೆಸ್ಸಿನಲ್ಲಿ ಒತ್ತಿದರೆ ಬಣ್ಣ ಕಾಗದಕ್ಕೆ ಬರುತ್ತದೆ. ಒಬ್ಬ ಹುಡುಗಿ ಅದನ್ನು ಕತ್ತರಿಸಿ ಕೊಡುತ್ತಾಳೆ. ಇನ್ನೊಬ್ಬ ಹೆಂಗಸು ಆ ತುಂಡುಗಳನ್ನು ಒಮ್ಮೆ ಸುಟ್ಟ, ಇನ್ನೂ ಮೆರುಗು (ಗಾಜಿನಂಥ ಹೊಳೆಯುವ ಲೇಪ) ಹಾಕದ ತಟ್ಟೆಯ ಮೇಲೆ ಬೋರಲಾಗಿ ಅಂಟಿಸಿ, ಗಟ್ಟಿ ಬ್ರಷ್ಷಿನಿಂದ ಬಲವಾಗಿ ಉಜ್ಜುತ್ತಾಳೆ. ಆಮೇಲೆ ನೀರಿನ ತೊಟ್ಟಿಗೆ ಹಾಕಿದರೆ ಕಾಗದ ಬಿಟ್ಟುಕೊಂಡು ತೇಲುತ್ತದೆ, ಬಣ್ಣ ತಟ್ಟೆಯಲ್ಲೇ ಉಳಿಯುತ್ತದೆ. ಎಣ್ಣೆ ಹೋಗಲು ಒಮ್ಮೆ ಸುಟ್ಟು, ಮೆರುಗಿನಲ್ಲಿ ಅದ್ದಿ, ಮತ್ತೆ ಆವಿಗೆಗೆ.

1756ರಲ್ಲಿ ಲಿವರ್‌ಪೂಲ್‌ನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಅನ್ನುವ ಇಬ್ಬರು, ಆರು ಗಂಟೆಯೊಳಗೆ 1200ಕ್ಕೂ ಜಾಸ್ತಿ ಟೈಲ್ಸ್‌ಗೆ ಅಚ್ಚು ಹಾಕಿದೆವು ಅಂತ ಪ್ರಮಾಣ ಮಾಡಿ ಹೇಳಿದ್ದರು. ಮೆರುಗಿನ ಕೆಳಗೆ ನೀಲಿ ಅಚ್ಚು ಹಾಕುವುದನ್ನು ಸ್ಟೋಕ್‌ನಲ್ಲಿ 1780ರ ದಶಕದಲ್ಲಿ ಪಳಗಿಸಿದ್ದು ಜೋಸಯ್ಯ ಸ್ಪೋಡ್. ಆಮೇಲೆ ಒಂದೇ ತಗಡಿನಿಂದ ಸಾವಿರಾರು ತಟ್ಟೆ. ತಗಡಿನಲ್ಲಿ ಒಂದು ಚುಕ್ಕೆ ಬಿಟ್ಟು ಹೋಗಿದ್ದರೆ ಆ ಸಾವಿರಾರು ತಟ್ಟೆಯಲ್ಲೂ ಆ ಚುಕ್ಕೆ ಇಲ್ಲ.

ಕೆತ್ತನೆಗಾರನ ಪಾಡು ಯೋಚಿಸಿ. ಅವನಿಗೆ ಅರಬಿ ಬರುವುದಿಲ್ಲ. ಎದುರಿಗೆ ವ್ಯಾಪಾರಿ ಕಳಿಸಿದ ಒಂದು ಮಾದರಿ. ಅವನ ಕಣ್ಣಿಗೆ ಅದು ಬಳ್ಳಿ, ಎಲೆ, ಸುಳಿ. ಚುಕ್ಕೆ ಅಂದರೆ ಅಲಂಕಾರದ ಚುಕ್ಕೆ. ಆದರೆ ಅರಬಿಯಲ್ಲಿ ಚುಕ್ಕೆಯೇ ಅಕ್ಷರ, ಅಲ್ವಾ? ಬೇ, ತೇ, ಸೇ ಮೂರಕ್ಕೂ ಒಂದೇ ದೋಣಿಯ ಆಕಾರ. ಕೆಳಗೆ ಒಂದು ಚುಕ್ಕೆ ಬಿದ್ದರೆ ಬೇ, ಮೇಲೆ ಎರಡು ಬಿದ್ದರೆ ತೇ, ಮೂರು ಬಿದ್ದರೆ ಸೇ. ನಿಮ್ಮ ತಟ್ಟೆಯ ಅಂಚಿನಲ್ಲಿ ಕೆಲವು ದೋಣಿಗಳು ಖಾಲಿ ಹೋಗುತ್ತಿವೆ, ಕೆಲವಕ್ಕೆ ಪಕ್ಕದವರ ಚುಕ್ಕೆ ಹತ್ತಿದೆ. ಬಾಯಿಪಾಠ ಇದ್ದವರು ಹೇಗೋ ಓದಿಕೊಂಡು ಹೋಗುತ್ತಾರೆ. ಗೊತ್ತಿಲ್ಲದವರಿಗೆ ಅರ್ಥವಾಗುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ರಬ್ಬರ್ ಸ್ಟಾಂಪಿನಲ್ಲಿ ಅಕ್ಷರ ಉಲ್ಟಾ ಇರುತ್ತದೆ, ಒತ್ತಿದಾಗ ಸರಿಯಾಗುತ್ತದೆ. ಪುಸ್ತಕದ ಚಿತ್ರಕ್ಕೆ ತಗಡು ಕೊರೆಯುವವರೂ ಉಲ್ಟಾ ಕೊರೆಯಬೇಕು. ತಟ್ಟೆಗೆ ಹಾಗಲ್ಲ. ತಗಡಿನಿಂದ ಕಾಗದಕ್ಕೆ ಬರುವಾಗ ಒಮ್ಮೆ ತಿರುಗುತ್ತದೆ, ಕಾಗದದಿಂದ ತಟ್ಟೆಗೆ ಹೋಗುವಾಗ ಇನ್ನೊಮ್ಮೆ ತಿರುಗುತ್ತದೆ. ಹಾಗಾಗಿ ಕುಂಬಾರಿಕೆಯ ಕೆತ್ತನೆಗಾರ ನೇರವಾಗಿಯೇ ಕೊರೆಯಬೇಕು. ಪುಸ್ತಕದ ಕೆಲಸದಲ್ಲಿ ಪಳಗಿದ ಕೈ ಅಭ್ಯಾಸದಂತೆ ಉಲ್ಟಾ ಕೊರೆದುಬಿಟ್ಟರೆ ತಟ್ಟೆಯ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ಇಂಗ್ಲಿಷಾದರೆ ಮೇಸ್ತ್ರಿಯೇ ನೋಡಿ ಬೈಯುತ್ತಿದ್ದ. ಅರಬಿಯಾದರೆ ಕಾರ್ಖಾನೆಯಲ್ಲಿ ಗೊತ್ತಾಗುವುದಾದರೂ ಯಾರಿಗೆ? ನಿಮ್ಮದರಲ್ಲಿ ಆ ಎಡವಟ್ಟು ಆಗಿಲ್ಲ, ಬರಹ ಬಲದಿಂದ ಎಡಕ್ಕೆ ಸರಿಯಾಗಿಯೇ ಹೋಗುತ್ತದೆ.

ನೀವು ಕಳಿಸಿದ ನಾಲ್ಕನೇ ಫೋಟೋ ತೆಗೆದು ನೋಡಿ. ಗಡಿಯಾರದಲ್ಲಿ ಐದು ಗಂಟೆ ಇರುವ ಜಾಗ. ಅಲ್ಲಿ ಒಂದು ಲಾಮ್ ಅಕ್ಷರದ ಕಾಲು ಇದ್ದಕ್ಕಿದ್ದಂತೆ ಕತ್ತರಿಸಿದ ಹಾಗೆ ನಿಂತಿದೆ. ಪಕ್ಕದಲ್ಲೇ ಬೇರೆ ಪದದ ಅರ್ಧ ಶುರುವಾಗುತ್ತದೆ. ಮೌಲ್ವಿ ಸಾಹೇಬರು ಅಲ್ಲೇ ತಡವರಿಸಿರಬೇಕು. ಅದು ಕಾಗದದ ಪಟ್ಟಿಯ ಜೋಡಣೆ. ಅಂಚಿನ ಪಟ್ಟಿಯನ್ನು ಸುತ್ತಲೂ ಅಂಟಿಸುತ್ತ ಬಂದ ಹೆಂಗಸಿಗೆ ಕೊನೆಯಲ್ಲಿ ಪಟ್ಟಿ ಅರ್ಧ ಬೆರಳು ಜಾಸ್ತಿ ಉಳಿದಿದೆ. ಕತ್ತರಿ ಹಾಕಿದ್ದಾಳೆ. ಹೂಬಳ್ಳಿಯಾಗಿದ್ದರೆ ಒಂದು ಎಲೆ ಹೋಗುತ್ತಿತ್ತು, ಇಲ್ಲಿ ಪದವೇ ಹೋಯಿತು. ಇಂಥ ಜೋಡಣೆ ಕಂಡರೆ ಅಚ್ಚಿನ ತಟ್ಟೆ ಅನ್ನುವುದರಲ್ಲಿ ಎರಡು ಮಾತಿಲ್ಲ.

ಇನ್ನು ನಡುವಿನ ಚೌಕ. ಮೇಲಿನ ಸಾಲು 4, 9, 2. ನಡುವೆ 3, 5, 7. ಕೆಳಗೆ 8, 1, 6. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ 15. ಇದು ಹಳೇ ಮಾಯಾಚೌಕ. ನಾಲ್ಕು ಮೂಲೆಯಲ್ಲಿ ಇರುವ 2, 4, 6, 8ಕ್ಕೆ, ಪ್ರತಿ ಅಕ್ಷರಕ್ಕೂ ಒಂದು ಅಂಕಿ ಕೊಡುವ ಅರಬಿ ಅಕ್ಷರಲೆಕ್ಕದಲ್ಲಿ, ಬೇ, ದಾಲ್, ವಾವ್, ಹೇ. ಕೂಡಿಸಿ ಓದಿದರೆ 'ಬುದೂಹ್'. ಅರ್ಥಕ್ಕೆಂದು ಇರುವ ಪದ ಅಲ್ಲ ಅದು, ರಕ್ಷೆಗೆಂದು ಇರುವ ಪದ. ಇದನ್ನು ತಾಯಿತದಲ್ಲಿ ಬರೆಯುತ್ತಿದ್ದರು, ಕ್ಷೇಮವಾಗಿ ತಲುಪಲಿ ಅಂತ ಕಾಗದಪತ್ರದ ಮೇಲೂ ಬರೆಯುತ್ತಿದ್ದರು.

ನಿಮ್ಮ ತಟ್ಟೆಯಲ್ಲಿ ಕೆಳಗಿನ ಸಾಲು ಕೂಡಿ ನೋಡಿ. 14 ಬರುತ್ತದೆ! ಅರಬಿಯ 7 ಅಂದರೆ ಮೊನೆ ಕೆಳಗಿರುವ ಕೊಕ್ಕು, 8 ಅಂದರೆ ಅದೇ ಕೊಕ್ಕು ಮೊನೆ ಮೇಲೆ. ನಮ್ಮ ಕೆತ್ತನೆಗಾರ ಎರಡನ್ನೂ ಒಂದೇ ಅಂದುಕೊಂಡು ಮೂಲೆಯಲ್ಲಿ 8ರ ಜಾಗಕ್ಕೆ ಇನ್ನೊಂದು 7 ಕೊರೆದಿದ್ದಾನೆ. ಎಡಗಡೆಯ ಉದ್ದಸಾಲೂ 14, ಒಂದು ಮೂಲೆಸಾಲೂ 14. ಬುದೂಹ್‌ನ ಕೊನೆಯ ಅಕ್ಷರವೇ ಹೋಯಿತು. ಲೆಕ್ಕ ಬಲ್ಲ ಒಬ್ಬ ಮುಸಲ್ಮಾನ ಬರೆದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ನನಗೆ ಈ ತಟ್ಟೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ 7.

ಅಂಕಿಗಳಲ್ಲಿ ಇನ್ನೊಂದು ಸುಳಿವು. ನಿಮ್ಮ ತಟ್ಟೆಯ 4 ತಿರುಗಿಸಿಟ್ಟ ಇಂಗ್ಲಿಷ್ 3ರ ಹಾಗಿದೆ, 5 ಪೂರ್ತಿ ಗುಂಡಗಿದೆ. ಪಾರಸಿ, ಉರ್ದು ಬರೆಯುವವರು ಈ ಎರಡನ್ನೂ ಬೇರೆ ಥರ ಬರೆಯುತ್ತಾರೆ, ಅವರ 5 ತಲೆಕೆಳಗಾದ ಹೃದಯದ ಆಕಾರ. ಹಾಗಾಗಿ ಮಾದರಿ ಇರಾನಿನಿಂದಲೋ ಹೈದರಾಬಾದಿನಿಂದಲೋ ಹೋಗಿರುವ ಸಾಧ್ಯತೆ ಕಡಿಮೆ. ಮಲಯ, ಸುಮಾತ್ರ ಕಡೆಯವರು ಬಳಸುತ್ತಿದ್ದ ಅಂಕಿಗೆ ಇದು ಹೊಂದುತ್ತದೆ. ನಿಮ್ಮ ಮುತ್ತಜ್ಜನ ಸಿಂಗಪುರದ ಅಂಗಡಿಗೂ ಹೊಂದುತ್ತದೆ.

ಇಂಗ್ಲಿಷರಿಗೆ ಇದು ಯಾಕೆ ಬೇಕಿತ್ತು ಅಂತ ಕೇಳಿದ್ದೀರಿ. ಭಕ್ತಿಯೂ ಅಲ್ಲ, ಮೋಸವೂ ಅಲ್ಲ. ಅಲ್ಲಿ ಗಿರಾಕಿ ಇದ್ದ, ಅಷ್ಟೇ. ಅವರು ಶುರು ಮಾಡಿದ್ದೂ ಅಲ್ಲ. ಚೀನಾದವರು ಈ ವ್ಯಾಪಾರವನ್ನು ನೂರಾರು ವರ್ಷ ಮೊದಲೇ ನಡೆಸಿದ್ದರು. ಮಿಂಗ್ ದೊರೆ ಝೆಂಗ್‌ಡೆಯ ಕಾಲದಲ್ಲಿ, ಅಂದರೆ 1506ರಿಂದ 1521ರ ನಡುವೆ, ಅರಬಿ-ಪಾರಸಿ ಬರೆದ ನೀಲಿ-ಬಿಳಿ ಪಿಂಗಾಣಿ ಸಾಕಷ್ಟು ತಯಾರಾಯಿತು. ಲೇಖನಿ ಇಡುವ ಪೆಟ್ಟಿಗೆಗಳೂ ಅದರಲ್ಲಿವೆ. ಮುಂದೆ ದಕ್ಷಿಣ ಚೀನಾದ ಝಾಂಗ್‌ಝೌ ಕಡೆಯ ಆವಿಗೆಗಳು ಆಗ್ನೇಯ ಏಷ್ಯಾದ ಮುಸ್ಲಿಮರಿಗೆಂದೇ ದೊಡ್ಡ ದೊಡ್ಡ ತಟ್ಟೆ ಮಾಡಿ ಕಳಿಸಿದವು. ಅಲ್ಲಿಯೂ ಬರೆದವರಿಗೆ ಅರಬಿ ಬರುತ್ತಿರಲಿಲ್ಲ. ಅಲ್ಲಿಯೂ ಅಕ್ಷರ ಸುಳಿಯಾಗಿದೆ, ಸುಳಿ ಅಕ್ಷರವಾಗಿದೆ. ಶಾಹಿ ಮನೆತನದವರು ಹೆಸರು ಬರೆಸಿಯೇ ತರಿಸುತ್ತಿದ್ದರು. ಇರಾನಿನ ಇಸ್ಫಹಾನಿನಲ್ಲಿ ಗವರ್ನರ್ ಆಗಿದ್ದ ಜಿಲ್ಲ್-ಉಸ್-ಸುಲ್ತಾನ್‌ಗೆ ಚೀನಾದ ಕ್ಯಾಂಟನ್‌ನಿಂದ ಬಂದ ಊಟದ ಸೆಟ್ಟಿನ ಮೇಲೆ ಹಿಜರಿ 1297 ಅಂತಲೇ ಇದೆ.

(ಹಿಜರಿ ವರ್ಷ ಕಂಡರೆ ಅಂದಾಜಿಗೆ ಒಂದು ಸುಲಭ ಲೆಕ್ಕ: ಅದನ್ನು 0.97ರಿಂದ ಗುಣಿಸಿ 622 ಕೂಡಿ. 1297 ಹೀಗೆ 1880ರ ಹತ್ತಿರ ಬರುತ್ತದೆ. ಒಂದು ವರ್ಷ ಆಚೀಚೆ ಆಗಬಹುದು.)

ಇಂಗ್ಲಿಷರಿಗೆ ಜಾಗ ಸಿಕ್ಕಿದ್ದು ಹೀಗೆ. 1819ರಲ್ಲಿ ಸಿಂಗಪುರದಲ್ಲಿ ಠಾಣೆ ಹಾಕಿದರು. 1833ರ ಕಾನೂನು ಚೀನಾ ವ್ಯಾಪಾರದಲ್ಲಿ ಈಸ್ಟ್ ಇಂಡಿಯಾ ಕಂಪನಿಗಿದ್ದ ಏಕಸ್ವಾಮ್ಯವನ್ನು ತೆಗೆಯಿತು. 1850ರ ದಶಕದಲ್ಲಿ ತೈಪಿಂಗ್ ದಂಗೆಯ ಕಾಲಕ್ಕೆ ಚೀನಾದ ಪಿಂಗಾಣಿ ರಾಜಧಾನಿ ಜಿಂಗ್‌ಡೆಝೆನ್ ಹಾಳುಬಿತ್ತು. ಸುಮಾತ್ರದ ಆಚೆಹ್‌ನಲ್ಲೋ ಮಲಯದ ಹಳ್ಳಿಯಲ್ಲೋ ತಟ್ಟೆ ಬೇಕು ಅನ್ನುವವರು ಇದ್ದೇ ಇದ್ದರು, ತಟ್ಟೆ ಕೊಡುವವರು ಬದಲಾದರು. ಇಂಗ್ಲೆಂಡಿನವರು ಮಾತ್ರ ಅಂತಲೂ ಅಂದುಕೊಳ್ಳಬೇಡಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಬೆಲ್ ಕಂಪನಿ ಆ ಕಡೆಯ ಮಾರುಕಟ್ಟೆಗೆ ಹಕ್ಕಿ, ಚಿಟ್ಟೆ, ಹಣ್ಣಿನ ವಿನ್ಯಾಸ ಮಾಡಿ, 'ಬುರುಂಗ್ ಕುಪು' ಅಂತ ಮಲಯ ಹೆಸರನ್ನೇ ಇಟ್ಟಿತ್ತು. ಬುರುಂಗ್ ಅಂದರೆ ಹಕ್ಕಿ, ಕುಪು ಅಂದರೆ ಚಿಟ್ಟೆ. ಡಚ್ಚರ ಮಾಸ್ಟ್ರಿಕ್ಟ್‌ನಲ್ಲಿ ಪೆಟ್ರುಸ್ ರೆಗೌಟ್ ಕಾರ್ಖಾನೆ ಇವರಿಗೆ ಜಿದ್ದಾಜಿದ್ದಿ. ಅತ್ತ ಇರಾನ್, ಮಧ್ಯ ಏಷ್ಯಾಕ್ಕೆ ರಷ್ಯಾದ ಗಾರ್ಡ್‌ನರ್ ಟೀಪಾಟ್, ಬಟ್ಟಲುಗಳು. ಮಾಸ್ಕೋ ಹತ್ತಿರದ ವೆರ್ಬಿಲ್ಕಿಯಲ್ಲಿ 1766ರಲ್ಲಿ ಆ ಕಾರ್ಖಾನೆ ಹಾಕಿದವನೂ ಒಬ್ಬ ಇಂಗ್ಲಿಷಿನವನೇ, ಫ್ರಾನ್ಸಿಸ್ ಗಾರ್ಡ್‌ನರ್.

ಸುಮ್ನೆ ಒಂದು ಅಡ್ಡಮಾತು. ನಾವು ಪಿಂಗಾಣಿ ಅನ್ನುತ್ತೇವೆ. ಮಲಯದಲ್ಲಿ ತಟ್ಟೆಗೆ 'ಪಿಂಗ್ಗಾನ್'. ಪಾರಸಿಯಲ್ಲಿ ಬಟ್ಟಲಿಗೆ 'ಪಿಂಗಾನ್'. ಅರಬಿಯಲ್ಲಿ ಪ ಇಲ್ಲವಲ್ಲ, ಅಲ್ಲಿ ಅದು 'ಫಿಂಜಾನ್' ಆಯಿತು. ನಿಮ್ಮ ತಮ್ಮ ದುಬೈಯಲ್ಲಿ ಕಾವಾ (ಅರಬರ ಕಾಫಿ) ಕುಡಿಯುವುದು ಅದರಲ್ಲೇ. ತಟ್ಟೆಗಿಂತ ಮೊದಲು ಪದವೇ ನಮ್ಮ ಕರಾವಳಿಗೆ ಹಡಗು ಹತ್ತಿ ಬಂದಿದೆ.

ಅಜ್ಜಿ ನೀರು ಕುಡಿಸುತ್ತಿದ್ದದ್ದು ಅವರೇ ಕಂಡುಹಿಡಿದ ಪದ್ಧತಿಯಲ್ಲ. ಆಯತ್, ದೇವರ ಹೆಸರು, ಅಂಕಿಚೌಕ ಕೆತ್ತಿದ ಹಿತ್ತಾಳೆ, ಕಂಚಿನ ಬಟ್ಟಲುಗಳು ಅರಬ್ ನಾಡಿನಲ್ಲಿ 12ನೇ ಶತಮಾನದಿಂದಲೇ ಇವೆ. ಯಾವುದಕ್ಕೆ ಉಪಯೋಗ ಅಂತ ಬಟ್ಟಲಿನ ಮೇಲೇ ಬರೆದಿರುತ್ತಾರೆ: ಚೇಳು ಕಡಿತ, ಹಾವು ಕಡಿತ, ಹುಚ್ಚುನಾಯಿ ಕಡಿತ, ಹೊಟ್ಟೆನೋವು, ಕಷ್ಟದ ಹೆರಿಗೆ. ನಮ್ಮ ದಖ್ಖನದ ಕಡೆ ಬರಿ ತಟ್ಟೆಯ ಮೇಲೆ ಕೇಸರಿಯಿಂದ ಆಯತ್ ಬರೆದು, ಅದನ್ನು ತೊಳೆದು ಆ ನೀರು ಕೊಡುತ್ತಿದ್ದರು, ಈಗಲೂ ಕೆಲವು ಕಡೆ ಉಂಟು. ಸ್ಟಾಫರ್ಡ್‌ಶೈರ್‌ನವರು ಆ ಬರಹವನ್ನು ಅಳಿಸದ ಹಾಗೆ ಮೆರುಗಿನ ಕೆಳಗೆ ಕೂರಿಸಿಕೊಟ್ಟರು. ಅಜ್ಜಿ ಆ ಚೌಕವನ್ನು ಎಂದೂ ಕೂಡಿ ನೋಡಿರಲಾರರು. ಕೂಡಿ ನೋಡಿದ್ದರೂ ತಟ್ಟೆ ಎಸೆಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಕಾಲದ ವಿಷಯ. ಹಿಂದುಗಡೆ 'ಇಂಗ್ಲೆಂಡ್' ಅಂತ ಇಲ್ಲ. 1891ರಿಂದ ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತಾಯಿತು. ಆಮೇಲೆ ತುಂಬ ಕಾರ್ಖಾನೆಗಳು ಎಲ್ಲದರ ಮೇಲೂ ಹಾಕತೊಡಗಿದವು. ಇಲ್ಲದಿರುವುದರಿಂದ ನಿಮ್ಮದು ಅದಕ್ಕಿಂತ ಹಳೆಯದಿರಬಹುದು, ಆದರೆ ಇದೊಂದನ್ನೇ ಹಿಡಿದುಕೊಂಡು ಖಚಿತ ಅನ್ನಲಾಗದು. ಯುರೋಪಿನ ಬೇರೆ ಕುಂಬಾರರೂ ಇಂಗ್ಲಿಷ್ ಮಾಲಿನ ಹೆಸರಿಗಾಗಿ ಇಂಗ್ಲಿಷ್ ಪದ ಒತ್ತಿದ್ದುಂಟು. ನಾನು ನಂಬಿದ್ದು ಕಿರೀಟವನ್ನಲ್ಲ, ತಟ್ಟೆಯ ಹಿಂದಿನ ಅಂಚಿನಲ್ಲಿ ಮೂರು ಕಡೆ ಇರುವ ಗಾಯದ ಚುಕ್ಕೆಗಳನ್ನು. ಮೆರುಗು ಸುಡುವಾಗ ತಟ್ಟೆ ತಟ್ಟೆಗೆ ಅಂಟದಿರಲಿ ಅಂತ ನಡುವೆ ಮುಳ್ಳಿನಂಥ ಮೂರು ಕಾಲಿನ ಆಧಾರ ಇಡುತ್ತಾರೆ, ಅದರ ಗುರುತು ಅವು. ಚೀನಾದ ತಟ್ಟೆಯಾದರೆ ಸಾಮಾನ್ಯವಾಗಿ ತಳದ ಬಳೆಗೆ ಮೆರುಗು ಇರುವುದಿಲ್ಲ, ಬೆರಳಿಗೆ ಒರಟು ತಾಗುತ್ತದೆ. ಹೋಲಿಸಿ ನೋಡಬೇಕೆಂದರೆ ವಿಜಯಪುರಕ್ಕೆ ಹೋದಾಗ ಗೋಲಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿ ಚೀನಾ ಪಿಂಗಾಣಿ ನೋಡಿ. ಹೈದರಾಬಾದಿನ ಸಾಲಾರ್ ಜಂಗ್‌ನಲ್ಲಿ ಚೀನಾದ್ದೂ ಯುರೋಪಿನದೂ ಎರಡೂ ಸಿಗುತ್ತವೆ.

ನೀರು ಕುಡಿಯಬಹುದಾ? ಧರ್ಮದ ಪ್ರಶ್ನೆ ಮೌಲ್ವಿ ಸಾಹೇಬರಿಗೆ ಬಿಟ್ಟದ್ದು. ಮಣ್ಣಿನ ಪ್ರಶ್ನೆಗೆ ಮಾತ್ರ ನಾನು ಉತ್ತರ ಹೇಳಬಲ್ಲೆ: ಬೇಡ. ಆ ಕಾಲದ ಇಂಗ್ಲಿಷ್ ಮೆರುಗಿನಲ್ಲಿ ಸೀಸ ಇರುತ್ತಿತ್ತು. ನಿಮ್ಮ ತಟ್ಟೆಯ ಮೆರುಗಿನಲ್ಲಿ ಕೂದಲಿನಂಥ ಬಿರುಕು ಬಂದಿವೆ, ಅಲ್ಲಿಂದ ಸೀಸ ಹೊರಗೆ ಬರಬಹುದು. ಹುಣಸೆ, ನಿಂಬೆ, ವಿನೆಗರ್ ತಾಗಿದರೆ ಇನ್ನೂ ಜಾಸ್ತಿ. ಬಸುರಿಯರಿಗಂತೂ ಖಂಡಿತ ಕೊಡಬೇಡಿ. ಅಜ್ಜಿಯ ಪದ್ಧತಿ ಉಳಿಯಲೇಬೇಕು ಅಂದರೆ ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು ಸ್ಟೀಲ್ ಲೋಟದಲ್ಲಿ ಕುಡಿಸಿ.

ತೊಳೆಯುವುದು ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ. ಬ್ಲೀಚಿಂಗ್ ಬೇಡ, ತಂತಿ ಬ್ರಷ್ ಬೇಡ. ಬಿರುಕಿನೊಳಗಿನ ಕಂದು ಕಲೆ ಇರಲಿ ಬಿಡಿ. ತಂತಿಯ ಹಿಡಿಕೆ ಹಾಕಿ ಗೋಡೆಗೆ ನೇತುಹಾಕಿದರೆ ಅಂಚು ಚೂರಾಗುತ್ತದೆ.

ತಮ್ಮನಿಗೆ ಮಾತ್ರ ಇಲ್ಲ ಅನ್ನಿ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕಲೆ, ಕುಶಲಕಲೆಯ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮನೆಯದ್ದು, ಮುತ್ತಜ್ಜನದ್ದು ಅಂದರೆ ಕಸ್ಟಮ್ಸ್‌ನವರು ಕೇಳುವುದಿಲ್ಲ. ಅಷ್ಟು ಹಳೆಯದಲ್ಲ ಅಂತ ಪುರಾತತ್ವ ಇಲಾಖೆಯಿಂದ ಸರ್ಟಿಫಿಕೇಟ್ ಸಿಕ್ಕರೆ ಒಯ್ಯಬಹುದು, ನಿಮ್ಮದಕ್ಕೆ ಸಿಗುವುದು ಅನುಮಾನ. ತಟ್ಟೆ ಭಟ್ಕಳದಲ್ಲೇ ಇರಲಿ.

ಶೋಕೇಸಿನಲ್ಲಿ ಇಡುವಾಗ ಒಂದು ಎಚ್ಚರ. ಹಿಂದೊಮ್ಮೆ ಒಂದು ಪ್ರದರ್ಶನಕ್ಕೆ ನಾನೇ ಇಂಥ ತಟ್ಟೆಯೊಂದನ್ನು ನಿಲ್ಲಿಸಿದ್ದೆ. ಮೂರನೇ ದಿನ ಹೈಸ್ಕೂಲ್ ಹುಡುಗನೊಬ್ಬ ಬಂದು, "ಸಾರ್, ಬಿಸ್ಮಿಲ್ಲಾ ತಲೆಕೆಳಗಾಗಿದೆ" ಅಂದ. ಎರಡು ದಿನ ದೊಡ್ಡ ದೊಡ್ಡವರೆಲ್ಲ ನೋಡಿ ಹೊಗಳಿ ಹೋಗಿದ್ದರು! ಅಂದಿನಿಂದ ನಾನು ಚೌಕದ 7 ಮತ್ತು 8 ನೋಡಿ ಯಾವುದು ಮೇಲೆ ಅಂತ ತೀರ್ಮಾನ ಮಾಡುತ್ತೇನೆ. ನಿಮ್ಮ ತಟ್ಟೆಗೆ ಆ ಉಪಾಯ ನಡೆಯುವುದಿಲ್ಲ, ಅದರಲ್ಲಿ ಎರಡೂ 7 ಅಲ್ವಾ? ನೀವು 9 ನೋಡಿ. ಅದು ಇಂಗ್ಲಿಷಿನ 9ರ ಹಾಗೆಯೇ ಇದೆ. ಗುಂಡು ತಲೆ ಮೇಲೆ, ಬಾಲ ಕೆಳಗೆ ಬರುವ ಹಾಗೆ ಇಡಿ.